ಗೂಡಿನ ಲೆಕ್ಕ, ಹೊಲದ ಲೆಕ್ಕ: ಸಂಶೋಧನಾ ಅಂಕಿ-ಅಂಶಗಳನ್ನು ವರ್ತಕರು ಓದುವ ಬಗೆ

ಬಿಡದಿಯಲ್ಲಿ 1999ರಲ್ಲಿ ಟೊಯೊಟಾ ಕಾರ್ಖಾನೆಯು ಉತ್ಪಾದನೆ ಆರಂಭಿಸಿದ ನಂತರ ಈ ಭಾಗದ ಆರ್ಥಿಕತೆಯನ್ನು ಕೈಗಾರಿಕೆಯ ಕಣ್ಣಿನಿಂದಲೇ ನೋಡುವ ವಾಡಿಕೆ ಬೆಳೆದಿದೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ನೂಲು ಬಿಚ್ಚಾಣಿಕೆದಾರರು, ಹುರಿ ಘಟಕಗಳು, ಗೊಬ್ಬರ ಮತ್ತು ಹನಿ ನೀರಾವರಿ ಸಲಕರಣೆಗಳ ಮಾರಾಟಗಾರರು, ರಾಗಿ ಗಿರಣಿಗಳವರು, ಹುಳು ಸಾಕಣೆಯ ಸ್ಟ್ಯಾಂಡು ಮತ್ತು ಚಂದ್ರಿಕೆಗಳನ್ನು ತಯಾರಿಸುವ ಸಣ್ಣ ಕಾರ್ಖಾನೆದಾರರು ಇವರೆಲ್ಲರ ವಹಿವಾಟು ಇಂದಿಗೂ ಹೊಲದಲ್ಲಿಯೇ ಆರಂಭವಾಗುತ್ತದೆ. ರೈತನು ತನ್ನ ಬೇಸಾಯದ ಕ್ರಮವನ್ನು ಬದಲಿಸಿದರೆ ಎರಡು ಮೂರು ವರ್ಷಗಳೊಳಗೆ ಅದರ ಪರಿಣಾಮವು ನಮ್ಮ ಖಾತೆ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆ ಬದಲಾವಣೆಯನ್ನು ಮುಂಚಿತವಾಗಿ ಅರಿಯಲು ಸಂಶೋಧನಾ ಸಂಸ್ಥೆಗಳ ಅಂಕಿ-ಅಂಶಗಳು ನೆರವಾಗಬಲ್ಲವು. ತಪ್ಪಾಗಿ ಓದಿದಲ್ಲಿ ಅವೇ ಅಂಕಿಗಳು ಮನೆಯನ್ನು ಹರಾಜಿಗೆ ತರಬಲ್ಲವು ಎಂಬುದನ್ನೂ ನಾನು ಕಂಡಿದ್ದೇನೆ.

2010ರಲ್ಲಿ ನನ್ನ ಕಕ್ಷಿದಾರರೊಬ್ಬರು ನೂಲು ಬಿಚ್ಚಾಣಿಕೆ ಘಟಕವನ್ನು ವಿಸ್ತರಿಸಲು ಬ್ಯಾಂಕ್ ಸಾಲಕ್ಕೆ ಅರ್ಜಿ ಸಲ್ಲಿಸಿದರು. ಯೋಜನಾ ವರದಿಯಲ್ಲಿ ರೆಂಡಿಟ್ಟಾ 6 ಎಂದು ನಮೂದಾಗಿತ್ತು. ಒಂದು ಕಿಲೋಗ್ರಾಂ ಕಚ್ಚಾ ರೇಷ್ಮೆ ಪಡೆಯಲು ಎಷ್ಟು ಕಿಲೋಗ್ರಾಂ ಗೂಡು ಬೇಕೆಂಬುದೇ ರೆಂಡಿಟ್ಟಾ ಎಂದು ಇಲ್ಲಿನ ಓದುಗರಿಗೆ ಹೇಳಬೇಕಾಗಿಲ್ಲ. ಆ ಅಂಕಿ ಎಲ್ಲಿಂದ ಬಂತೆಂದು ಕೇಳಿದಾಗ ದ್ವಿತಳಿ ಗೂಡಿನ ಕುರಿತಾದ ಸಂಶೋಧನಾ ಪ್ರಕಟಣೆಯೊಂದನ್ನು ತೋರಿಸಿದರು. ಮುದ್ರಿತವಾದ ಅಂಕಿಯಲ್ಲವೇ ಎಂದು ನಾನು ಅಂದಾಜು ಲೆಕ್ಕಪತ್ರಗಳಿಗೆ ಸಹಿ ಹಾಕಿದೆ. ಎರಡು ವರ್ಷಗಳಲ್ಲಿ ಘಟಕವು ಮುಚ್ಚಿತು. ಅಡವಿಟ್ಟಿದ್ದ ನಿವೇಶನ ಕೈಬಿಟ್ಟುಹೋಯಿತು. 2011ರ ಕೇಂದ್ರ ಮುಂಗಡ ಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದ್ದೇ ಕಾರಣವೆಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ನಂಬಿದ್ದೆ. ಆದರೆ ಆಗ ನೂಲಿನ ಬೆಲೆಯ ಜೊತೆಗೆ ಗೂಡಿನ ಬೆಲೆಯೂ ಕುಸಿದಿತ್ತು. ಪುಸ್ತಕಗಳನ್ನು ಮತ್ತೆ ತೆರೆದು ನೋಡಿದಾಗ ಕಂಡದ್ದೇನೆಂದರೆ, ಸುಂಕ ಇಳಿಯುವುದಕ್ಕೆ ಮೊದಲಿನ ತಿಂಗಳುಗಳಲ್ಲಿಯೂ ಅವರ ರೆಂಡಿಟ್ಟಾ 7ರ ಆಸುಪಾಸಿನಲ್ಲಿತ್ತು. ಅಂದರೆ ನಷ್ಟವು ಮೊದಲ ದಿನದಿಂದಲೇ ಆರಂಭವಾಗಿತ್ತು. ಸುಂಕದ ಇಳಿಕೆಯು ಅದನ್ನು ಬೇಗ ಬಯಲಿಗೆ ತಂದಿತು, ಅಷ್ಟೆ.

ಅರ್ಧ ಅಂಕದ ಬೆಲೆ

ರೆಂಡಿಟ್ಟಾದಲ್ಲಿ ಅರ್ಧ ಅಂಕದ ವ್ಯತ್ಯಾಸವೆಂದರೆ ಏನೆಂಬುದನ್ನು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 20 ಕಿಲೋಗ್ರಾಂ ನೂಲು ತೆಗೆಯುವ ಘಟಕವು ವರ್ಷಕ್ಕೆ 300 ದಿನ ನಡೆಯುತ್ತದೆ ಎಂದಿಟ್ಟುಕೊಳ್ಳೋಣ. ವಾರ್ಷಿಕ ಉತ್ಪಾದನೆ 6,000 ಕಿಲೋಗ್ರಾಂ. ಗೂಡಿನ ದರವು ದಿನದಿನಕ್ಕೂ ಬದಲಾಗುವುದರಿಂದ ಲೆಕ್ಕದ ಅನುಕೂಲಕ್ಕಾಗಿ ಕಿಲೋಗ್ರಾಂಗೆ 500 ರೂ. ಎಂದು ಹಿಡಿಯೋಣ. ರೆಂಡಿಟ್ಟಾ 6.5 ಇದ್ದರೆ ಒಂದು ಕಿಲೋಗ್ರಾಂ ನೂಲಿನಲ್ಲಿ ಗೂಡಿನ ವೆಚ್ಚ 3,250 ರೂ.; 7 ಆದರೆ 3,500 ರೂ. ವ್ಯತ್ಯಾಸ 250 ರೂ. ಇದನ್ನು 6,000ದಿಂದ ಗುಣಿಸಿದರೆ ವರ್ಷಕ್ಕೆ 15 ಲಕ್ಷ ರೂ. ಇಷ್ಟು ದೊಡ್ಡ ಮೊತ್ತವು ಯೋಜನಾ ವರದಿಯ ಒಂದೇ ಒಂದು ಸಾಲಿನಲ್ಲಿ ಅಡಗಿರುತ್ತದೆ. ಬಡ್ಡಿಯ ದರದಲ್ಲಿ ಕಾಲು ಶೇಕಡಾಕ್ಕಾಗಿ ಬ್ಯಾಂಕಿನವರೊಡನೆ ವಾರಗಟ್ಟಲೆ ಚೌಕಾಸಿ ಮಾಡುವ ನಾವು ಈ ಸಾಲನ್ನು ಪ್ರಶ್ನಿಸದೆ ದಾಟಿಬಿಡುತ್ತೇವೆ.

ಈ ಅಂಕಿಯು ರೈತನ ಬೇಸಾಯ ಕ್ರಮಕ್ಕೆ ಹೇಗೆ ಅಂಟಿಕೊಂಡಿದೆ ಎಂಬುದನ್ನು ತಿಳಿಯಲು ಗೂಡನ್ನೇ ಬಿಡಿಸಿ ನೋಡಬೇಕು. ಹಸಿ ಗೂಡಿನ ತೂಕದಲ್ಲಿ ಬಹುಪಾಲು ಒಳಗಿನ ಕೋಶದ್ದು. ರೇಷ್ಮೆಯಿರುವುದು ಹೊರಗಿನ ಕವಚದಲ್ಲಿ ಮಾತ್ರ. ಕವಚವು ಗೂಡಿನ ತೂಕದ ಶೇ. 20ರಷ್ಟಿದ್ದು, ಅದರಲ್ಲಿ ಶೇ. 80ರಷ್ಟು ನೂಲಾಗಿ ಬಿಚ್ಚಿ ಬಂದರೆ, 100 ಕಿಲೋಗ್ರಾಂ ಗೂಡಿಗೆ 16 ಕಿಲೋಗ್ರಾಂ ನೂಲು ದೊರೆಯುತ್ತದೆ, ರೆಂಡಿಟ್ಟಾ 6.25. ಕವಚವು ಶೇ. 17ಕ್ಕೆ ಇಳಿದು, ಬಿಚ್ಚುವಿಕೆಯು ಶೇ. 75ಕ್ಕೆ ಇಳಿದರೆ ನೂಲು 12.75 ಕಿಲೋಗ್ರಾಂ ಮಾತ್ರ, ರೆಂಡಿಟ್ಟಾ 7.84ಕ್ಕೆ ಏರುತ್ತದೆ. ಕವಚದ ಪ್ರಮಾಣವನ್ನು ನಿರ್ಧರಿಸುವುದು ಹುಳುವಿನ ತಳಿ, ಸೊಪ್ಪಿನ ಗುಣಮಟ್ಟ, ಸಾಕಣೆ ಮನೆಯ ಶಾಖ ಮತ್ತು ತೇವಾಂಶ. ಬಿಚ್ಚುವಿಕೆಯನ್ನು ನಿರ್ಧರಿಸುವುದರಲ್ಲಿ ಚಂದ್ರಿಕೆಯ ಮೇಲೆ ಹುಳು ಗೂಡು ಕಟ್ಟುವಾಗಿನ ಗಾಳಿಯಾಟಕ್ಕೆ ದೊಡ್ಡ ಪಾತ್ರವಿದೆ. ನಮ್ಮ ಬಿಚ್ಚಾಣಿಕೆ ಕೊಠಡಿಯ ಕೈಗುಣಕ್ಕೂ ಪಾಲುಂಟು. ಅದನ್ನು ಮರೆತು ಎಲ್ಲವನ್ನೂ ರೈತನ ಮೇಲೆ ಹೊರಿಸುವುದು ನ್ಯಾಯವಲ್ಲ.

ಕಣ್ವದಿಂದ ವಿ-1ರವರೆಗೆ

ನಮ್ಮ ಭಾಗದಲ್ಲಿ ರೇಷ್ಮೆ ಬೇಸಾಯವು ಕಳೆದ ಮೂರು ದಶಕಗಳಲ್ಲಿ ಬದಲಾದಷ್ಟು ಅದಕ್ಕಿಂತ ಹಿಂದೆ ಬದಲಾಗಿರಲಾರದು. ಹಳಬರಿಗೆ ಚಿರಪರಿಚಿತವಾದ ಹಿಪ್ಪುನೇರಳೆ ತಳಿ ಎಂ-5, ಅರ್ಥಾತ್ ಕಣ್ವ-2. ಇದು ನಮ್ಮ ಚನ್ನಪಟ್ಟಣದ ಬಳಿಯ ಕಣ್ವದ ಹೆಸರನ್ನು ದೇಶದಾದ್ಯಂತ ಕೊಂಡೊಯ್ದ ತಳಿ. 1961ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು 1997ರಲ್ಲಿ ವಿ-1 ತಳಿಯನ್ನು ಬಿಡುಗಡೆ ಮಾಡಿತು. ಇದೇ ಕಾಲದಲ್ಲಿ, ಜಪಾನಿನ ತಾಂತ್ರಿಕ ಸಹಕಾರದೊಂದಿಗೆ 1991ರಿಂದ 2007ರವರೆಗೆ ಮೂರು ಹಂತಗಳಲ್ಲಿ ನಡೆದ ದ್ವಿತಳಿ ಯೋಜನೆಯ ಆಶ್ರಯದಲ್ಲಿ ಸಿಎಸ್ಆರ್ ಸರಣಿಯ ದ್ವಿತಳಿ ಹುಳುಗಳು ರೈತರನ್ನು ತಲುಪಿದವು. ಜೊತೆಗೆ ಹನಿ ನೀರಾವರಿ, ಸಾಲುಗಳ ನಡುವೆ ಹೆಚ್ಚಿನ ಅಂತರ, ವಾಸದ ಮನೆಯಿಂದ ಬೇರ್ಪಟ್ಟ ಸಾಕಣೆ ಮನೆ, ಮೊಟ್ಟೆಯ ಬದಲು ಚಾಕಿ ಹುಳುಗಳನ್ನೇ ಕೊಳ್ಳುವ ಪದ್ಧತಿ, ಎಲೆ ಬಿಡಿಸಿ ತಟ್ಟೆಗೆ ಹಾಕುವ ಬದಲು ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ ಇವೆಲ್ಲವೂ ಬಂದವು.

ರೆಂಬೆ ಪದ್ಧತಿಯು ಇಷ್ಟು ಬೇಗ ಹರಡಲು ಸಂಶೋಧನೆಯೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಬಿಡದಿಯ ಕಾರ್ಖಾನೆಗಳ ಬಸ್ಸು ಹಳ್ಳಿಯ ಬಾಗಿಲಿಗೇ ಬಂದು ನಿಲ್ಲತೊಡಗಿದ ಮೇಲೆ ಎಲೆ ಬಿಡಿಸುವ ಕೈಗಳು ಕಡಿಮೆಯಾದವು. ಕೂಲಿ ಉಳಿಸುವ ಪದ್ಧತಿಯನ್ನು ರೈತರು ತಾವಾಗಿಯೇ ಹಿಡಿದರು ಎಂಬುದು ನನ್ನ ಅನಿಸಿಕೆ. ಪರಿಣಾಮಕ್ಕೆ ಕಾರಣವನ್ನು ಹುಡುಕುವಾಗ ಸಂಸ್ಥೆಯ ವರದಿಯ ಜೊತೆಗೆ ಊರಿನ ಬಸ್ಸಿನ ವೇಳಾಪಟ್ಟಿಯನ್ನೂ ನೋಡಬೇಕಾಗುತ್ತದೆ.

ಅಂಕಿಯ ಹುಟ್ಟೂರು ಯಾವುದು?

ಸಂಶೋಧನಾ ಅಂಕಿಯನ್ನು ಕೈಗೆತ್ತಿಕೊಂಡಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ವಿ-1 ತಳಿಯು ನೀರಾವರಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 60 ಟನ್ ಸೊಪ್ಪು ಕೊಡುತ್ತದೆ ಎಂಬುದು ಎಲ್ಲೆಡೆ ಉಲ್ಲೇಖಗೊಳ್ಳುವ ಅಂಕಿ. ಹೆಕ್ಟೇರಿಗೆ 2.47 ಎಕರೆಯಾದ್ದರಿಂದ ಇದು ಎಕರೆಗೆ 24 ಟನ್ನಿಗಿಂತ ತುಸು ಹೆಚ್ಚು. (ಹೆಕ್ಟೇರನ್ನು ಎಕರೆಯೆಂದು ಓದಿಕೊಂಡು ಗೊಬ್ಬರದ ದಾಸ್ತಾನು ತರಿಸಿದವರನ್ನು ನಾನು ಬಲ್ಲೆ.) ಇದು ಶಿಫಾರಸು ಮಾಡಿದಷ್ಟು ಗೊಬ್ಬರ, ಶಿಫಾರಸು ಮಾಡಿದಷ್ಟು ನೀರು, ಸಕಾಲದ ಕಟಾವು ಇವೆಲ್ಲ ಇರುವ ತಾಕಿನ ಅಂಕಿ. ಕೊಳವೆಬಾವಿಯು ಮಾರ್ಚ್ ತಿಂಗಳಿನಲ್ಲಿ ಕೈಕೊಡುವ ಹೊಲದ ಅಂಕಿಯಲ್ಲ.

ಸಂಶೋಧನಾ ಕೇಂದ್ರದ ತಾಕು ಒಂದು ಹಂತ. ಎರಡನೆಯದು ರೈತರ ಹೊಲದಲ್ಲಿಯೇ ತಜ್ಞರ ಮೇಲ್ವಿಚಾರಣೆಯಲ್ಲಿ ನಡೆಯುವ ಪರೀಕ್ಷೆ ಮತ್ತು ಪ್ರಾತ್ಯಕ್ಷಿಕೆ. ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವು ಇಂತಹವನ್ನು ನಡೆಸುತ್ತದೆ. ಮೂರನೆಯದು ಯಾರ ಮೇಲ್ವಿಚಾರಣೆಯೂ ಇಲ್ಲದ ಸಾಮಾನ್ಯ ರೈತನ ಹೊಲ. ಒಂದೊಂದು ಹಂತ ಇಳಿದಂತೆ ಇಳುವರಿಯೂ ಇಳಿಯುವುದು ಎಲ್ಲ ಬೆಳೆಗಳಲ್ಲಿಯೂ ಸಾಮಾನ್ಯ. ಇದರಲ್ಲಿ ಯಾರ ಮೋಸವೂ ಇಲ್ಲ. ಸಂಶೋಧಕರು ಉತ್ತರಿಸುತ್ತಿರುವುದು 'ಎಷ್ಟು ಸಾಧ್ಯ' ಎಂಬ ಪ್ರಶ್ನೆಗೆ. ನಮಗೆ ಬೇಕಿರುವುದು 'ಎಷ್ಟು ಬರುತ್ತದೆ' ಎಂಬುದಕ್ಕೆ ಉತ್ತರ. ನನ್ನ ಕಕ್ಷಿದಾರರ ವರದಿಯಲ್ಲಿದ್ದ ರೆಂಡಿಟ್ಟಾ 6 ಸುಳ್ಳಾಗಿರಲಿಲ್ಲ. ಅದು ಸಂಸ್ಥೆಯಲ್ಲಿಯೇ ಸಾಕಿದ, ಜೋಡಿ ಗೂಡು, ಕಲೆ ಗೂಡು, ತೆಳು ಗೂಡುಗಳನ್ನು ಆರಿಸಿ ತೆಗೆದ ಗೂಡಿನ ರೆಂಡಿಟ್ಟಾ. ಅವರು ಹರಾಜಿನಲ್ಲಿ ಕೊಂಡದ್ದು ಲಾಟನ್ನು ಇಡಿಯಾಗಿ.

ಕೋಷ್ಟಕದ ಕೊನೆಯ ಸಾಲು

ಸಂಶೋಧನಾ ಕೋಷ್ಟಕಗಳಲ್ಲಿ ವರ್ತಕರು ಸಾಮಾನ್ಯವಾಗಿ ಓದದೆ ಬಿಡುವುದು ಕೊನೆಯ ಸಾಲನ್ನು. ಅಲ್ಲಿ 'ಸಿ.ಡಿ.' ಎಂದು, ಅಂದರೆ ನಿರ್ಣಾಯಕ ವ್ಯತ್ಯಾಸ ಎಂದು, ಒಂದು ಅಂಕಿಯಿರುತ್ತದೆ. ಉದಾಹರಣೆಗೆ, ಒಂದು ಕ್ರಮದಲ್ಲಿ 100 ಮೊಟ್ಟೆಗೆ 68 ಕಿಲೋಗ್ರಾಂ ಗೂಡು, ಇನ್ನೊಂದರಲ್ಲಿ 65 ಕಿಲೋಗ್ರಾಂ, ನಿರ್ಣಾಯಕ ವ್ಯತ್ಯಾಸ 4 ಎಂದಿರಲಿ. ಆಗ ಎರಡರ ನಡುವಿನ 3 ಕಿಲೋಗ್ರಾಂ ಅಂತರವು ಕ್ರಮದ ಗುಣದಿಂದಲೇ ಬಂದುದೆಂದು ಹೇಳಲಾಗದು. ಮಣ್ಣಿನ, ಹವೆಯ, ಹುಳುವಿನ ಸಹಜ ಏರಿಳಿತದಿಂದಲೂ ಅಷ್ಟು ಅಂತರ ಬರಬಹುದು. ಲೆಕ್ಕಪರಿಶೋಧನೆಯಲ್ಲಿ ನಾವು ಸಣ್ಣ ವ್ಯತ್ಯಾಸಗಳನ್ನು ಗಣನೆಗೆ ತೆಗೆದುಕೊಳ್ಳದಿರಲು ಒಂದು ಮಿತಿಯನ್ನು ಹಾಕಿಕೊಳ್ಳುತ್ತೇವಲ್ಲವೇ, ಅದನ್ನು ಹೋಲುತ್ತದೆ. ವ್ಯತ್ಯಾಸವಿಷ್ಟೇ: ನಮ್ಮ ಮಿತಿ ವಿವೇಚನೆಯಿಂದ ಬಂದದ್ದು, ಅವರದು ಪ್ರಯೋಗದೊಳಗಿನ ಏರಿಳಿತವನ್ನೇ ಅಳೆದು ಬಂದದ್ದು.

ಈ ವಿಧಾನವು ಹುಟ್ಟಿದ್ದೂ ಹೊಲದಲ್ಲಿಯೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿಯ ಗೊಬ್ಬರ ಪ್ರಯೋಗ ನಡೆಯುತ್ತಾ ಬಂದಿದೆ. 1919ರಲ್ಲಿ ಅಲ್ಲಿಗೆ ಸೇರಿದ ಆರ್.ಎ. ಫಿಷರ್ ಅವರು, ಒಂದು ಕ್ರಮವನ್ನು ಒಂದೇ ತಾಕಿನಲ್ಲಿ ನೋಡಿ ತೀರ್ಮಾನಿಸದೆ ಹಲವು ತಾಕುಗಳಲ್ಲಿ ಪುನರಾವರ್ತಿಸಬೇಕು, ಯಾವ ತಾಕಿಗೆ ಯಾವ ಕ್ರಮವೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು ಎಂಬ ನಿಯಮಗಳನ್ನು ರೂಪಿಸಿದರು. ಪುನರಾವರ್ತನೆಯಿಲ್ಲದ ಅಂಕಿಯನ್ನು, ಅದು ಎಷ್ಟೇ ಆಕರ್ಷಕವಾಗಿರಲಿ, ಜಾಹೀರಾತೆಂದು ಪರಿಗಣಿಸುವುದು ಕ್ಷೇಮ.

ಕಾಲಾವಧಿಯನ್ನೂ ಗಮನಿಸಬೇಕು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ರಾಗಿಯ ಮೇಲೆ ದಶಕಗಳಿಂದ ದೀರ್ಘಾವಧಿ ಗೊಬ್ಬರ ಪ್ರಯೋಗಗಳು ನಡೆದಿವೆ. ಕೊಟ್ಟಿಗೆ ಗೊಬ್ಬರವಿಲ್ಲದೆ ಸಾರಜನಕವನ್ನೇ ಹಾಕುತ್ತಾ ಹೋದ ತಾಕುಗಳಲ್ಲಿ ಇಳುವರಿಯು ಕಾಲಕ್ರಮದಲ್ಲಿ ಕುಸಿದಿದೆ. ಕೊಟ್ಟಿಗೆ ಗೊಬ್ಬರವನ್ನು ರಸಗೊಬ್ಬರದೊಂದಿಗೆ ಸೇರಿಸಿದ ತಾಕುಗಳು ಇಳುವರಿಯನ್ನು ಉಳಿಸಿಕೊಂಡಿವೆ. ಮೊದಲ ಎರಡು ಮೂರು ವರ್ಷಗಳ ಅಂಕಿಗಳನ್ನಷ್ಟೇ ನೋಡಿದವರಿಗೆ ಇದು ಕಾಣುತ್ತಿರಲಿಲ್ಲ. ಹಿಪ್ಪುನೇರಳೆ ತೋಟವು ಹದಿನೈದು ವರ್ಷ ನಿಲ್ಲುವ ಬೆಳೆಯಾದ್ದರಿಂದ ನಮಗೆ ಈ ಮಾತು ಇನ್ನೂ ಹತ್ತಿರದ್ದು.

ಸೋತ ಬೆಳೆ ಹರಾಜಿಗೆ ಬರುವುದಿಲ್ಲ

2019ರಲ್ಲಿ ಮತ್ತೊಬ್ಬ ಕಕ್ಷಿದಾರರು ಅಂತಹುದೇ ಯೋಜನೆಯೊಂದಿಗೆ ಬಂದರು. ತಂದೆ ಚರಕದಿಂದ ಕಾಟೇಜ್ ಬೇಸಿನ್‌ಗೆ ಏರಿದವರು. ಮಗ ಬಿಡದಿಯ ಬಳಿ ದೊಡ್ಡ ಯಂತ್ರವನ್ನು ಹಾಕುವ ಹುಮ್ಮಸ್ಸಿನಲ್ಲಿದ್ದರು. ವರದಿಯಲ್ಲಿ ಮತ್ತೆ ರೆಂಡಿಟ್ಟಾ 6. ಈ ಸಲ ನಾನು ಸಹಿ ಹಾಕಲಿಲ್ಲ. "ಆರು ತಿಂಗಳು ಲಾಟುವಾರು ವಹಿ ಇಡಿ, ಆಮೇಲೆ ನೋಡೋಣ" ಎಂದೆ. "ಅಷ್ಟರಲ್ಲಿ ಯಂತ್ರದ ದರ ಏರಿಬಿಡುತ್ತೆ ಸಾರ್" ಎಂದು ಮಗ ಬೇಸರಿಸಿಕೊಂಡರು. ತಂದೆಯವರು ಮಾತನಾಡದೆ ವಹಿ ತರಿಸಿದರು.

ಕೊಂಡ ಪ್ರತಿ ಲಾಟಿನ ತೂಕ, ದರ, ರೈತನ ಊರು, ದ್ವಿತಳಿಯೋ ಮಿಶ್ರತಳಿಯೋ ಎಂಬುದು, ಬಂದ ನೂಲಿನ ತೂಕ ಇಷ್ಟು ಮೊದಲ ತಿಂಗಳಿನ ಅಂಕಣಗಳು. ನಂತರ ರೈತರನ್ನು ವಿಚಾರಿಸಿ ಹನಿ ನೀರಾವರಿ ಇದೆಯೇ, ಚಾಕಿ ಹುಳು ಕೊಂಡದ್ದೇ, ಪ್ರತ್ಯೇಕ ಸಾಕಣೆ ಮನೆ ಇದೆಯೇ ಎಂಬುದನ್ನೂ ಸೇರಿಸಿದರು. ನಾಲ್ಕು ತಿಂಗಳ ನಂತರ ಮಗ ಸಂತೋಷದಿಂದ ಬಂದು, ಚಾಕಿ ಹುಳು ಕೊಂಡ ರೈತರ ಲಾಟುಗಳಲ್ಲಿ ರೆಂಡಿಟ್ಟಾ ಸ್ಪಷ್ಟವಾಗಿ ಕಡಿಮೆಯಿದೆ, ಇನ್ನು ಮುಂದೆ ಅಂತಹವರ ಗೂಡನ್ನೇ ಹುಡುಕಿ ಕೊಂಡರಾಯಿತು ಎಂದರು. ವಹಿಯನ್ನು ತಿರುವಿ ನೋಡಿದೆವು. ಚಾಕಿ ಕೊಂಡ ರೈತರಲ್ಲಿ ಬಹುತೇಕ ಎಲ್ಲರಿಗೂ ಪ್ರತ್ಯೇಕ ಸಾಕಣೆ ಮನೆಯೂ ಇತ್ತು, ನೀರಿನ ಅನುಕೂಲವೂ ಇತ್ತು. ಚಾಕಿ ಕೊಂಡು ವಾಸದ ಮನೆಯಲ್ಲಿಯೇ ಸಾಕಿದವರು ಬೆರಳೆಣಿಕೆಯಷ್ಟು ಮಾತ್ರ. ಹೀಗಿರುವಾಗ ಗುಣವು ಚಾಕಿಯದೋ, ಮನೆಯದೋ, ನೀರಿನದೋ ಎಂದು ಬೇರ್ಪಡಿಸಲು ಆ ವಹಿಯಿಂದ ಸಾಧ್ಯವೇ ಇರಲಿಲ್ಲ. ಇಲ್ಲಿಯೇ ಸಂಶೋಧನಾ ಕೇಂದ್ರದ ಅಂಕಿಗಳು ಉಪಯೋಗಕ್ಕೆ ಬರುವುದು. ಅಲ್ಲಿ ಉಳಿದೆಲ್ಲವನ್ನೂ ಸಮವಾಗಿಟ್ಟು ಒಂದನ್ನೇ ಬದಲಿಸಿ ನೋಡಿರುತ್ತಾರೆ. ಯಾವುದರಿಂದ ಎಂಬುದನ್ನು ಅವರ ಕೋಷ್ಟಕದಿಂದಲೂ, ನಮ್ಮ ಊರಿನಲ್ಲಿ ಎಷ್ಟು ಎಂಬುದನ್ನು ನಮ್ಮ ವಹಿಯಿಂದಲೂ ತೆಗೆದುಕೊಳ್ಳಬೇಕು.

ತಂದೆಯವರು ಎತ್ತಿದ ಪ್ರಶ್ನೆ ಇದಕ್ಕಿಂತ ಆಳವಾದದ್ದು. "ಗೂಡು ತಂದೋರ ಲೆಕ್ಕ ಬರೆದ್ರಿ. ಹುಳ ಕೆಟ್ಟು ಗೂಡೇ ತರದೆ ಇದ್ದೋರ ಲೆಕ್ಕ ಎಲ್ಲಿ?" ಎಂದರು. ನನಗೆ ಇದು ಹೊಳೆದಿರಲಿಲ್ಲ. ರೋಗದಿಂದಲೋ, 1980ರಿಂದ ರಾಜ್ಯವನ್ನು ಕಾಡುತ್ತಿರುವ ಊಜಿ ನೊಣದಿಂದಲೋ, ಪಕ್ಕದ ಹೊಲದಲ್ಲಿ ಸಿಂಪಡಿಸಿದ ಕೀಟನಾಶಕದಿಂದಲೋ ನಾಶವಾದ ಬೆಳೆಯು ಮಾರುಕಟ್ಟೆಗೆ ಬರುವುದೇ ಇಲ್ಲ. ಆದ್ದರಿಂದ ಮಾರುಕಟ್ಟೆಯ ಅಂಕಿಗಳಲ್ಲಿ ಗೆದ್ದವರು ಮಾತ್ರ ಕಾಣುತ್ತಾರೆ. ಒಂದು ಕ್ರಮದಲ್ಲಿ ಐದು ಬೆಳೆಗಳ ಪೈಕಿ ನಾಲ್ಕರಲ್ಲಿ 100 ಮೊಟ್ಟೆಗೆ 75 ಕಿಲೋಗ್ರಾಂ ಬಂದು ಒಂದು ಪೂರ್ತಿ ಹೋದರೆ ಸರಾಸರಿ 60. ಇನ್ನೊಂದು ಕ್ರಮದಲ್ಲಿ ಐದರಲ್ಲಿಯೂ 65 ಬಂದರೆ ಸರಾಸರಿ 65. ಹರಾಜು ಕಟ್ಟೆಯ ಮೇಲೆ ನಿಂತವನಿಗೆ ಮೊದಲನೆಯದೇ ಉತ್ತಮವಾಗಿ ಕಾಣುತ್ತದೆ. ದಿನಕ್ಕೆ 130 ಕಿಲೋಗ್ರಾಂ ಗೂಡು ತಪ್ಪದೆ ಬೇಕಾದ ಯಂತ್ರದ ಮಾಲೀಕನಿಗೆ ಎರಡನೆಯದು ಬೇಕು.

ಬೇಸಾಯದ ಖರ್ಚಿನ ಅಂಕಿಗಳ ಕುರಿತು ಒಂದು ಮಾತು. ಕೇಂದ್ರ ಸರ್ಕಾರದ ಬೇಸಾಯ ವೆಚ್ಚ ಅಧ್ಯಯನಗಳಲ್ಲಿ ಎ-2, ಸಿ-2 ಮುಂತಾದ ಹೆಸರುಗಳಿವೆ. ಎ-2ರಲ್ಲಿ ರೈತನು ಕೈಯಿಂದ ಕೊಟ್ಟ ಹಣ ಮತ್ತು ಗುತ್ತಿಗೆ ಜಮೀನಿನ ಬಾಡಿಗೆ ಸೇರಿದರೆ, ಸಿ-2ರಲ್ಲಿ ಮನೆಯವರ ದುಡಿಮೆ, ಸ್ವಂತ ಜಮೀನಿನ ಬಾಡಿಗೆ ಮತ್ತು ಬಂಡವಾಳದ ಬಡ್ಡಿಯ ಅಂದಾಜು ಮೌಲ್ಯವೂ ಸೇರುತ್ತದೆ. 'ಹೊಸ ಕ್ರಮದಲ್ಲಿ ಲಾಭ ಇಷ್ಟು' ಎಂಬ ಮಾತನ್ನು ಓದಿದಾಗ ಯಾವ ವೆಚ್ಚವನ್ನು ಕಳೆದ ಲಾಭವೆಂದು ಕೇಳಬೇಕು. ಸ್ವಂತ ತೋಟ ಮಾಡಿ ಗೂಡು ಬೆಳೆಯಲು ಹೊರಟಿರುವ ಸದಸ್ಯರು ಗಮನಿಸಬೇಕಾದ ಇನ್ನೊಂದು ವಿಷಯ: ಹಿಪ್ಪುನೇರಳೆ ಸೊಪ್ಪನ್ನು ಬೆಳೆದು ಹುಳುಗಳಿಗೆ ತಿನ್ನಿಸಿ ಗೂಡು ಮಾರಿದ ಆದಾಯವು ಕೃಷಿ ಆದಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರ ದಶಕದ ಕೊನೆಯಲ್ಲಿಯೇ ತೀರ್ಪಿತ್ತಿದೆ.

ಅಂಕಿಗಳು ಬೇಕಾದವರಿಗೆ ದಾರಿ ದೂರವಿಲ್ಲ. ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಿದೆ. ಬಿಚ್ಚಾಣಿಕೆ ಮತ್ತು ಗೂಡಿನ ಪರೀಕ್ಷೆಯ ವಿಷಯಕ್ಕೆ ಬೆಂಗಳೂರಿನಲ್ಲಿ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯಿದೆ. ಹೋಗುವಾಗ ಸ್ವಂತ ವಹಿಯೊಂದನ್ನು ಕೈಯಲ್ಲಿ ಹಿಡಿದು ಹೋದರೆ ಅಲ್ಲಿನ ವಿಜ್ಞಾನಿಗಳು ಹೆಚ್ಚು ಹೊತ್ತು ಮಾತನಾಡುತ್ತಾರೆ ಎಂಬುದು ನನ್ನ ಅನುಭವ.

ಆ ತಂದೆ-ಮಗ ಎಂಟು ತಿಂಗಳು ವಹಿ ಇಟ್ಟರು. ಕೊನೆಗೆ ಯೋಜನಾ ವರದಿಯನ್ನು ರೆಂಡಿಟ್ಟಾ 7ರ ಮೇಲೆ ಹೊಸದಾಗಿ ಬರೆದಾಗ ದೊಡ್ಡ ಯಂತ್ರದ ಕಂತು ಕಟ್ಟಲು ಲಾಭ ಸಾಲುತ್ತಿರಲಿಲ್ಲ. ಅರ್ಧ ಸಾಮರ್ಥ್ಯದ ಬಳಸಿದ ಯಂತ್ರವೊಂದನ್ನು ಕೊಂಡರು; ಮನೆಯನ್ನು ಅಡವಿಡಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಕಂತು ಸಣ್ಣದಿದ್ದುದರಿಂದ ಉಳಿದುಕೊಂಡರು. ವಹಿಯನ್ನು ಈಗಲೂ ಬರೆಯುತ್ತಿದ್ದಾರೆ. ಅದರಲ್ಲಿ ಈಗ ಇನ್ನೊಂದು ಅಂಕಣವಿದೆ: ಪರಿಚಯದ ಚಾಕಿ ಕೇಂದ್ರದವರಿಗೆ ತಿಂಗಳಿಗೊಮ್ಮೆ ದೂರವಾಣಿ ಮಾಡಿ, ಹುಳು ಕೊಂಡವರಲ್ಲಿ ಎಷ್ಟು ಜನ ಗೂಡು ತೆಗೆಯಲಿಲ್ಲವೆಂದು ಕೇಳಿ ತಂದೆಯವರು ಸ್ವತಃ ಬರೆದಿಡುತ್ತಾರೆ.